ಇಷ್ಟು ಜೋರಾಗಿ ಎಸೆಯುವವನು ಇನ್ನೂ ಇಲ್ಲೇ ಯಾಕಿದ್ದಾನೆ?

ಊರಿಂದ ಯಾರೇ ಬಂದರೂ ಒಂದು ಸಂಜೆ ಬೇಸ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋಗುವುದು ನನ್ನ ಚಾಳಿ. ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಸ್ಟೇಡಿಯಂಗಲ್ಲ, ಅಲ್ಲಿ ಟಿಕೆಟ್ಟು, ಪಾರ್ಕಿಂಗು, ತಿಂಡಿ ಅಂತ ಜೇಬು ಖಾಲಿಯಾಗುತ್ತದೆ. ನಾವಿರುವ ಸ್ಯಾನ್ ಹೋಸೆಯಲ್ಲೇ 1942ರ ಕಾಲದ ಒಂದು ಹಳೇ ಸ್ಟೇಡಿಯಂ ಇದೆ. ಸ್ಯಾನ್ ಹೋಸೆ ಜೈಂಟ್ಸ್ ಅನ್ನೋ ಮೈನರ್ ಲೀಗ್ ತಂಡ, ಅಂದರೆ ದೊಡ್ಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತನ್ನ ಹುಡುಗರನ್ನು ತಯಾರು ಮಾಡುವ ಕೆಳಗಿನ ತಂಡ, ಅಲ್ಲಿ ಆಡುತ್ತದೆ. ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ, ಚೆಂಡು ಎಸೆಯುವವನು) ಬೆವರು ಒರೆಸಿಕೊಳ್ಳುವುದೂ ಕಾಣುವಷ್ಟು ಹತ್ತಿರ ಕೂತು ನೋಡಬಹುದು.

ಬಂದವರೆಲ್ಲ ಮೂರನೇ ಇನ್ನಿಂಗ್ಸ್ ಹೊತ್ತಿಗೆ ಒಂದೇ ಪ್ರಶ್ನೆ ಕೇಳುತ್ತಾರೆ. ದಾವಣಗೆರೆಯಿಂದ ನಮ್ಮ ಮಾವ ಬಂದಿದ್ದಾಗಲೂ ಅಷ್ಟೇ. ಸ್ಕೋರ್‌ಬೋರ್ಡ್ ಮೇಲೆ 97 ಅಂತ ಬಂತು. "ಮೈಲಿ ಅದು ಮಾವ, ನಮ್ಮ ಲೆಕ್ಕದಲ್ಲಿ 156 ಕಿಲೋಮೀಟರ್" ಅಂದೆ. ಅವರು ಪಾಪ್‌ಕಾರ್ನ್ ಕೆಳಗಿಟ್ಟರು.

"ಅಲ್ರೀ ಅಳಿಯಂದ್ರೇ, ಇಷ್ಟು ಜೋರು ಒಗೀತಾನೆ, ಇವನ್ನ ಇನ್ನೂ ಯಾಕೆ ಮೇಲಕ್ಕೆ ತಗೊಂಡಿಲ್ಲ?"

ನಮ್ಮ ಕಣ್ಣಿಗೆ ಇದು ಸಹಜವಾದ ಪ್ರಶ್ನೆ. ಐಪಿಎಲ್‌ನಲ್ಲಿ ಯಾರೋ ಹುಡುಗ 150 ದಾಟಿಸಿದರೆ ಮರುದಿನವೇ ಅವನನ್ನು ಭಾರತ ತಂಡಕ್ಕೆ ತಗೊಳ್ಳಿ ಅಂತ ಗಲಾಟೆ ಶುರುವಾಗುತ್ತದೆ. ಇಲ್ಲಿ 156ರಲ್ಲಿ ಎಸೆಯುವವನು ಕೆಳಗಿನ ಮೆಟ್ಟಿಲಲ್ಲಿ ಬಸ್ಸಿನಲ್ಲಿ ಓಡಾಡಿಕೊಂಡಿದ್ದಾನೆ.

ಮೊದಲು ಆ ಮೆಟ್ಟಿಲುಗಳನ್ನು ಹೇಳಿಬಿಡುತ್ತೇನೆ. ಪ್ರತಿ ಜುಲೈನಲ್ಲಿ ಡ್ರಾಫ್ಟ್ ನಡೆಯುತ್ತದೆ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. 30 ತಂಡಗಳು, 20 ಸುತ್ತು, ಆರುನೂರು ಚಿಲ್ಲರೆ ಹುಡುಗರು. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯ ಹುಡುಗರು ಹದಿನಾರು ಹದಿನೇಳಕ್ಕೇ ಸಹಿ ಹಾಕಿ ಬೇರೆ ದಾರಿಯಲ್ಲಿ ಬರುತ್ತಾರೆ. ಆಮೇಲೆ ರೂಕಿ ಲೀಗ್, ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಕೊನೆಗೆ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್. ಜೈಂಟ್ಸ್ ಹುಡುಗನಿಗೆ ಇದು ಅರಿಝೋನಾದ ಸ್ಕಾಟ್ಸ್‌ಡೇಲ್, ನಮ್ಮ ಸ್ಯಾನ್ ಹೋಸೆ, ಆರೆಗಾನ್‌ನ ಯೂಜೀನ್, ವರ್ಜೀನಿಯಾದ ರಿಚ್ಮಂಡ್, ಆಮೇಲೆ ಸ್ಯಾಕ್ರಮೆಂಟೊ. ಇಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 80 ಕಿಲೋಮೀಟರ್, ರೈಲಿನಲ್ಲಿ ಹೋಗಿ ಬರಬಹುದು. ಪಿಚರ್ ಮಾತ್ರ ದೇಶದ ಆ ತುದಿ ಮುಟ್ಟಿ ವಾಪಸ್ ಬರಬೇಕು.

ಅಂದರೆ ಇವನನ್ನು ಆಗಲೇ ಸೆಲೆಕ್ಟ್ ಮಾಡಿಯಾಗಿದೆ. ಸ್ಯಾನ್ ಹೋಸೆ ತಂಡದ ಆಟಗಾರರಿಗೆ ಸಂಬಳ ಕೊಡುವುದು, ಯಾರು ಎಷ್ಟು ಎಸೆಯಬೇಕು ಅಂತ ತೀರ್ಮಾನಿಸುವುದು, ಎಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಯಜಮಾನರೇ. ಈ ಕೆಳಗಿನ ತಂಡ ಗೆದ್ದರೂ ಸೋತರೂ ಅವರಿಗೆ ಅಷ್ಟೇನೂ ತಲೆಬಿಸಿ ಇಲ್ಲ. ಇದೇ ನಮ್ಮವರಿಗೆ ಅರ್ಥವಾಗದೇ ಇರುವುದು. ನಮ್ಮಲ್ಲಿ ರಣಜಿ ಅಂದರೆ ಗೆಲ್ಲೋಕೆ ಆಡುವ ಪಂದ್ಯ. ಮಾವನ ಊರಿನವರೇ ಆದ ವಿನಯ್ ಕುಮಾರ್ ವರ್ಷಗಟ್ಟಲೆ ಕರ್ನಾಟಕಕ್ಕೆ ವಿಕೆಟ್ ತೆಗೆದು ತೆಗೆದು 2010ರಲ್ಲಿ ಭಾರತ ತಂಡಕ್ಕೆ ಬಂದರು. ಅಷ್ಟೂ ವರ್ಷ ಅವರ ವಿಕೆಟ್ಟೇ ಅವರ ಅರ್ಜಿ. ಇಲ್ಲಿ ವಿಕೆಟ್ ಒಂದೇ ಸಾಲದು, ಅದನ್ನು ಹೇಗೆ ತೆಗೆದೆ ಅಂತ ಕೇಳುತ್ತಾರೆ.

ಆವತ್ತು ನಡೆದದ್ದನ್ನೇ ಹೇಳುತ್ತೇನೆ. ಆ ಹುಡುಗ ನಾಲ್ಕು ಇನ್ನಿಂಗ್ಸ್ ಎಸೆದಿದ್ದ, ಒಂದೇ ಒಂದು ಹಿಟ್ ಕೊಟ್ಟಿರಲಿಲ್ಲ, ಅಂದರೆ ಯಾರೂ ಇವನ ಚೆಂಡು ಹೊಡೆದು ಬೇಸ್ ಮುಟ್ಟಿರಲಿಲ್ಲ. ಐದನೆಯದರಲ್ಲಿ ಇಬ್ಬರನ್ನು ಔಟ್ ಮಾಡಿದ. ಕೋಚ್ ನಿಧಾನಕ್ಕೆ ನಡೆದು ಬಂದ, ಕೈ ಚಾಚಿದ, ಹುಡುಗ ಚೆಂಡು ಕೊಟ್ಟು ಹೊರಟ. ಮಾವ ಎದ್ದು ನಿಂತುಬಿಟ್ಟರು. "ವಿಕೆಟ್ ಬೀಳ್ತಿರೋವಾಗ ಬೌಲರ್‌ನ ತೆಗೀತಾರೇನ್ರೀ? ಇವ್ರಿಗೇನು ತಲೆ ಕೆಟ್ಟಿದೆಯಾ?" ಮುಂದಿನ ಸಾಲಿನಲ್ಲಿ ಟ್ಯಾಬ್ಲೆಟ್ ಹಿಡಿದು ಒಂದೊಂದು ಎಸೆತವನ್ನೂ ಬರೆದುಕೊಳ್ಳುತ್ತಿದ್ದ ಹುಡುಗ ತಿರುಗಿ ನೋಡಿದ. ಅವನೂ ಅದೇ ತಂಡದ ಪಿಚರ್, ಅವನ ಸರದಿ ಮರುದಿನ. ಯಾಕೆ ತೆಗೆದರು ಅಂತ ಕೇಳಿದೆ. "ಎಪ್ಪತ್ತೈದು ಆಯ್ತಲ್ಲ" ಅಂದ, ಹಾಲಿನವನು ಲೀಟರ್ ಲೆಕ್ಕ ಹೇಳಿದ ಹಾಗೆ. ಎಪ್ಪತ್ತೈದು ಎಸೆತ ಅಂತ ಮ್ಯಾಚಿಗೆ ಮುಂಚೆಯೇ ನಿಗದಿ. ಹಿಟ್ ಹೋಗಿದ್ದರೂ, ಹೋಗದಿದ್ದರೂ.

ಅವನ ಪರದೆಯಲ್ಲಿ ಇನ್ನೊಂದು ವಿಷಯ ಕಂಡಿತು. ಚೇಂಜ್-ಅಪ್ ಅಂತ ಒಂದು ಪ್ರತ್ಯೇಕ ಕಾಲಂ. ವೆಂಕಟೇಶ್ ಪ್ರಸಾದ್ ಅವರ ಸ್ಲೋ ಬಾಲ್ ನೆನಪಿದೆಯಲ್ಲ, ಐಡಿಯಾ ಅದೇ: ಕೈ ಬರುವುದು ಜೋರಾಗಿ, ಚೆಂಡು ಬರುವುದು ಮೆಲ್ಲಗೆ. ಶುರುವಿನಿಂದ ಎಸೆಯುವ ಪಿಚರ್ ಒಂದೇ ಮ್ಯಾಚಿನಲ್ಲಿ ಅದೇ ಒಂಬತ್ತು ಜನರನ್ನು ಎರಡು, ಮೂರು ಸಲ ಎದುರಿಸಬೇಕು. ಮೂರನೇ ಸಲ ಬರುವಾಗ ಬ್ಯಾಟರ್‌ಗೆ ಇವನ ಫಾಸ್ಟ್‌ಬಾಲೂ ಗೊತ್ತು, ಪಕ್ಕಕ್ಕೆ ತಿರುಗುವ ಸ್ಲೈಡರೂ ಗೊತ್ತು. ಮೂರನೆಯದೊಂದು ಇಲ್ಲದಿದ್ದರೆ ಕತೆ ಮುಗೀತು. ಹಾಗಾಗಿ ಮೇಲಿನವರು ಹೇಳುತ್ತಾರೆ, ಹೊಡೆಸಿಕೊಂಡರೂ ಪರವಾಗಿಲ್ಲ, ಚೇಂಜ್-ಅಪ್ ಎಸಿ. ಎಸೆಯುತ್ತಾನೆ, ಹೊಡೆಸಿಕೊಳ್ಳುತ್ತಾನೆ, ಅಂಕಿ ಅಂಶ ಹಾಳಾಗುತ್ತದೆ, ಊರಲ್ಲಿ ಅಪ್ಪ ಅಮ್ಮ ಫೋನ್ ಮಾಡಿ ಏನಾಯ್ತು ಅಂತ ಕೇಳುತ್ತಾರೆ. ಎಷ್ಟು ವರ್ಷ ಆದರೂ ಆ ಮೂರನೆಯದು ಬರದಿದ್ದರೆ ಸಾಮಾನ್ಯವಾಗಿ ಬುಲ್‌ಪೆನ್‌ಗೆ, ಅಂದರೆ ಮ್ಯಾಚಿನ ಮಧ್ಯದಲ್ಲಿ ಬಂದು ಎಸೆಯುವವರ ಗುಂಪಿಗೆ, ಕಳಿಸುತ್ತಾರೆ. ಒಂದು ಇನ್ನಿಂಗ್ಸ್ ಮಟ್ಟಿಗೆ ಬಂದು ಹೋಗುವವನಿಗೆ ಎರಡು ಸಾಕು.

97ರ ಬಗ್ಗೆ ಇನ್ನೊಂದು ಮಾತು. ಸಿಂಗಲ್-ಎ ಬ್ಯಾಟರ್‌ಗಳು ಇನ್ನೂ ಎಳೆಯರು, ಜೋರಾಗಿ ಬಂದಿದ್ದಕ್ಕೆಲ್ಲ ಬೀಸುತ್ತಾರೆ, ಹೊರಗೆ ಹೋಗುವ ಚೆಂಡಿಗೂ ಬೀಸುತ್ತಾರೆ. ಡಬಲ್-ಎಗೆ ಹೋದ ಮೇಲೆ ಬ್ಯಾಟರ್ ಸುಮ್ನೆ ನಿಲ್ಲುತ್ತಾನೆ. ನಾಲ್ಕು ಬಾಲ್ ಹೊರಗೆ ಹೋದರೆ ಅವನಿಗೆ ಪುಕ್ಕಟೆ ಮೊದಲ ಬೇಸ್, ಅದಕ್ಕೆ ವಾಕ್ ಅಂತಾರೆ. ಬಹಳ ಜನ ಪಿಚರ್‌ಗಳಿಗೆ ವೇಗ ಇದೆ, ಹತೋಟಿ ಇಲ್ಲ ಅನ್ನೋ ಸತ್ಯ ಅಲ್ಲಿ ಗೊತ್ತಾಗುತ್ತದೆ. ನನ್ನ ಪ್ರಕಾರ ಇಡೀ ಏಣಿಯಲ್ಲಿ ನಿಜವಾದ ಜರಡಿ ಡಬಲ್-ಎನೇ.

ಇನ್ನು ಮೊಣಕೈ. ಕ್ರಿಕೆಟ್‌ನಲ್ಲಿ ಕೈ ನೆಟ್ಟಗಾಗುವುದು 15 ಡಿಗ್ರಿ ದಾಟಿದರೆ ಬೌಲಿಂಗೇ ಅಕ್ರಮ. ಇಲ್ಲಿ ಮಡಚಿದ ಕೈಯನ್ನು ಚಾಟಿಯ ಹಾಗೆ ಬೀಸುವುದೇ ಆಟ, ಆ ಜೋರನ್ನೆಲ್ಲ ತಡೆದುಕೊಳ್ಳುವುದು ಮೊಣಕೈ ಒಳಬದಿಯ ಒಂದು ಸಣ್ಣ ಲಿಗಮೆಂಟ್. ಅದು ಹರಿದರೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಅಲ್ಲಿ ಹಾಕುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಈ ಆಪರೇಷನ್ನನ್ನು ಮೊದಲು ಮಾಡಿದ್ದು ಟಾಮಿ ಜಾನ್ ಅನ್ನೋ ಡಾಡ್ಜರ್ಸ್ ಪಿಚರ್‌ಗೆ. ಅದಕ್ಕೇ ಆಪರೇಷನ್ನಿಗೆ ಆಟಗಾರನ ಹೆಸರು, ಡಾಕ್ಟರದಲ್ಲ. ಚೇತರಿಸಿಕೊಳ್ಳೋಕೆ ಒಂದು, ಒಂದೂವರೆ ವರ್ಷ. ಜೇಕಬ್ ಡಿಗ್ರಾಮ್ ಅನ್ನೋ ಪಿಚರ್ 2010ರ ಡ್ರಾಫ್ಟ್‌ನಲ್ಲಿ ಒಂಬತ್ತನೇ ಸುತ್ತಿನಲ್ಲಿ ಆಯ್ಕೆಯಾದ. ಕಾಲೇಜಿನಲ್ಲಿ ಹೆಚ್ಚಾಗಿ ಶಾರ್ಟ್‌ಸ್ಟಾಪ್ ಅನ್ನೋ ಫೀಲ್ಡಿಂಗ್ ಜಾಗದಲ್ಲಿ ಆಡಿದವನು. ಅದೇ ವರ್ಷ ಆಪರೇಷನ್, 2011 ಪೂರ್ತಿ ಆಟವಿಲ್ಲ. ಮೇಜರ್ ಲೀಗ್‌ಗೆ ಬಂದಿದ್ದು 2014ರ ಮೇನಲ್ಲಿ, ಆಗ ಅವನಿಗೆ 25. 2018 ಮತ್ತು 2019ರಲ್ಲಿ ಸೈ ಯಂಗ್ ಪ್ರಶಸ್ತಿ (ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವುದು) ಗೆದ್ದ. ಆ ಎಪ್ಪತ್ತೈದರ ಲೆಕ್ಕ ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಬೇಗ ಹೋದವರೇ ಇಲ್ಲ ಅಂತಲ್ಲ. ಟಿಮ್ ಲಿನ್ಸಿಕಮ್ ಅನ್ನೋ ಪಿಚರ್ 2006ರಲ್ಲಿ ಡ್ರಾಫ್ಟ್ ಆಗಿ ಇದೇ ಸ್ಯಾನ್ ಹೋಸೆಯಲ್ಲಿ ಎಸೆದು, ಒಟ್ಟು 13 ಮೈನರ್ ಲೀಗ್ ಮ್ಯಾಚ್ ಮುಗಿಸಿ 2007ರ ಮೇನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ. ಮರುವರ್ಷ ಸೈ ಯಂಗ್. ಅಂಥವರು ಬೆರಳೆಣಿಕೆ.

ದುಡ್ಡಿನ ಬಗ್ಗೆ ಕೇಳಲೇಬೇಕಲ್ಲ, ಮಾವನೂ ಕೇಳಿದರು. 2020ರವರೆಗೆ ಸಿಂಗಲ್-ಎ ಆಟಗಾರನಿಗೆ ಕನಿಷ್ಠ ವಾರಕ್ಕೆ 290 ಡಾಲರ್, ಅದೂ ಸೀಸನ್ ಇರುವಾಗ ಮಾತ್ರ. ಈ ಊರಲ್ಲಿ ಅಷ್ಟರಲ್ಲಿ ಗ್ಯಾರೇಜೂ ಬಾಡಿಗೆಗೆ ಸಿಗಲ್ಲ. ಹಿಂದೆ ಊರಿನವರೇ ಎಷ್ಟೋ ಹುಡುಗರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು, ನಮ್ಮಲ್ಲಿ ವಾರಾನ್ನ ಇತ್ತಲ್ಲ, ಸುಮಾರು ಆ ಥರ. 2022ರಿಂದ ತಂಡಗಳೇ ಮನೆ ಕೊಡುತ್ತಿವೆ. 2023ರಲ್ಲಿ ಆಟಗಾರರ ಸಂಘ ಮೈನರ್ ಲೀಗ್‌ನವರಿಗಾಗಿ ಮೊದಲ ಸಲ ಒಪ್ಪಂದ ಮಾಡಿಕೊಂಡ ಮೇಲೆ ಸಿಂಗಲ್-ಎ ಕನಿಷ್ಠ ಸಂಬಳ ವರ್ಷಕ್ಕೆ 26,200 ಡಾಲರ್, ಟ್ರಿಪಲ್-ಎಯಲ್ಲಿ 35,800 ಆಯ್ತು. ಮೇಜರ್ ಲೀಗ್‌ನಲ್ಲಿ ಅದೇ ವರ್ಷದ ಕನಿಷ್ಠ 7,20,000. ಟ್ರಿಪಲ್-ಎಗೂ ಮೇಜರ್‌ಗೂ ಒಂದೇ ಮೆಟ್ಟಿಲು, ದುಡ್ಡು ಇಪ್ಪತ್ತು ಪಟ್ಟು.

ಆ ಕೊನೇ ಮೆಟ್ಟಿಲಲ್ಲೇ ನನಗೆ ಹೊಟ್ಟೆ ಉರಿಯುವುದು. ಮೇಜರ್ ತಂಡದಲ್ಲಿ 26 ಜನ, ಅವರನ್ನೂ ಸೇರಿಸಿ 40 ಜನರ ಒಂದು ಪಟ್ಟಿ. ಆ ಪಟ್ಟಿಯಲ್ಲಿದ್ದವನನ್ನು ಸಾಮಾನ್ಯವಾಗಿ ಮೂರು ಸೀಸನ್‌ವರೆಗೆ ಬೇಕಾದಾಗ ಮೇಲೆ ಕರೆಯಬಹುದು, ಬೇಡವಾದಾಗ ಕೆಳಗೆ ಕಳಿಸಬಹುದು. ಇವತ್ತು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎರಡು ಇನ್ನಿಂಗ್ಸ್ ಎಸೆದವನು ನಾಳೆ ಬೆಳಗ್ಗೆ ಬ್ಯಾಗ್ ಎತ್ತಿಕೊಂಡು ಸ್ಯಾಕ್ರಮೆಂಟೊ ಕಡೆ. ತಪ್ಪೇನೂ ಮಾಡಿರಲ್ಲ, ದಣಿಯದ ಇನ್ನೊಂದು ಕೈ ಬೇಕಿರುತ್ತದೆ ಅಷ್ಟೇ. ತಮಾಷೆ ಅಂದರೆ ಓಕ್ಲೆಂಡ್ ಬಿಟ್ಟ ಅಥ್ಲೆಟಿಕ್ಸ್ ತಂಡ 2025ರಿಂದ ಅದೇ ಸ್ಯಾಕ್ರಮೆಂಟೊ ಮೈದಾನದಲ್ಲಿ ಆಡುತ್ತಿದೆ. ಹಾಗಾಗಿ ಟ್ರಿಪಲ್-ಎ ಹುಡುಗ ಮೇಜರ್ ಲೀಗ್ ಪಿಚರ್ ನಿಂತ ಅದೇ ಮಣ್ಣಿನ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ, ಆದರೂ ಮೇಜರ್ ಲೀಗ್‌ನಲ್ಲಿಲ್ಲ.

"ನಮ್ಮವರು ಯಾರೂ ಹೋಗಿಲ್ವಾ?" ಅಂದರು ಮಾವ. ಹೋಗಿದ್ದಾರೆ. 2008ರಲ್ಲಿ ಭಾರತದಲ್ಲಿ ನಡೆದ ಒಂದು ಟಿವಿ ಸ್ಪರ್ಧೆಯಿಂದ ಉತ್ತರ ಪ್ರದೇಶದ ರಿಂಕು ಸಿಂಗ್ (ಕೆಕೆಆರ್ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್ ಅಮೆರಿಕಕ್ಕೆ ಬಂದರು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಬೇಸ್‌ಬಾಲ್ ಮುಟ್ಟಿದವರೇ ಅಲ್ಲ. ವರ್ಷ ಮುಗಿಯುವುದರೊಳಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರಿಗೂ ಕಾಂಟ್ರಾಕ್ಟ್ ಕೊಟ್ಟಿತು. ದಿನೇಶ್ 2010ರ ಹೊತ್ತಿಗೆ ಹೊರಬಿದ್ದ. ರಿಂಕು 2011ರಲ್ಲಿ ಸಿಂಗಲ್-ಎವರೆಗೆ ಬಂದ, ಅಂದರೆ ಈಗ ನಾವು ನೋಡುತ್ತಿರುವ ಮಟ್ಟ. ಆಮೇಲೆ ಗಾಯದ ಮೇಲೆ ಗಾಯ, ಅವನಿಗೂ ಟಾಮಿ ಜಾನ್ ಆಪರೇಷನ್. 2018ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ. ಇವರ ಕತೆಯ ಮೇಲೆ ಬಂದ 'ಮಿಲಿಯನ್ ಡಾಲರ್ ಆರ್ಮ್' ಸಿನಿಮಾ ನೋಡಿದವರು ಕಾಂಟ್ರಾಕ್ಟ್ ಸಿಕ್ಕಿದ್ದೇ ಗೆಲುವು ಅಂದುಕೊಂಡಿದ್ದಾರೆ. ಸೊನ್ನೆಯಿಂದ ಶುರು ಮಾಡಿ ಮೂರು ವರ್ಷಕ್ಕೆ ಸಿಂಗಲ್-ಎ ಮುಟ್ಟಿದ್ದೇ ನನಗಂತೂ ಅದಕ್ಕಿಂತ ದೊಡ್ಡ ಸಂಗತಿ.

ಮಾವ ಊರಿಗೆ ವಾಪಸ್ ಹೋಗಿ ಎರಡು ತಿಂಗಳಾದ ಮೇಲೆ ವಾಟ್ಸ್ಯಾಪ್ ಕಾಲ್ ಮಾಡಿದರು. ಮೊಮ್ಮಗನ ಸ್ಕೂಲು, ಊರಿನ ಮಳೆ ಎಲ್ಲ ಮುಗಿದ ಮೇಲೆ, "ಅಂದಂಗೆ, ಆ ಹುಡುಗ ಮೇಲಕ್ಕೆ ಹೋದ್ನೇನ್ರೀ?"

"ಹೋದ ಮಾವ, ಯೂಜೀನ್‌ಗೆ."

"ಅಲ್ಲಿಂದ ಇನ್ನೆಷ್ಟು ಊರು?"

"ಮೂರು."

ಸ್ವಲ್ಪ ಹೊತ್ತು ಮಾತಿಲ್ಲ. "ಚೇಂಜ್-ಅಪ್ ಬಂತಂತಾ?"