ಸಿಮೆಂಟ್ ಬೇಡವೆಂದು ನಾನು ಸಹಿ ಹಾಕಿದ ದಿನ

ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಕೈ ಚಾಚಿದಾಗ ‘ಇಲ್ಲ ಸಾರ್’ ಎನ್ನುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಓಟಿ ಇನ್‌ಚಾರ್ಜ್ ಆದವರ ಕೆಲಸ. ಮಡಿಕೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷಗಳಿಂದ ಆ ಕೆಲಸದಲ್ಲಿರುವ ನಾನು, ಕಳೆದ ಜುಲೈ ತಿಂಗಳ ಒಂದು ಬುಧವಾರ, ರೋಗಿಯ ತೊಡೆ ತೆರೆದಿದ್ದಾಗ ಆ ಮಾತನ್ನು ಹೇಳಬೇಕಾಯಿತು. ಬೇರೆಯವರ ತಪ್ಪಿನಿಂದ ಹೇಳಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ.

ರೋಗಿ ನಾಪೋಕ್ಲು ಕಡೆಯ 76 ವರ್ಷದ ಅಜ್ಜಿ. ಬಚ್ಚಲಿನಿಂದ ಕೊಟ್ಟಿಗೆಗೆ ಇಳಿಯುವ ಕಲ್ಲುಮೆಟ್ಟಿಲ ಮೇಲೆ ಪಾಚಿ ಕಟ್ಟಿತ್ತು. ಜಾರಿ ಬಿದ್ದವರು ಮತ್ತೆ ಏಳಲಿಲ್ಲ. ಕಾಲು ಗಿಡ್ಡವಾಗಿ ಹೊರಗೆ ತಿರುಗಿಕೊಂಡಿದ್ದನ್ನು ಸ್ಟ್ರೆಚರ್ ಮೇಲೆ ನೋಡಿದಾಗಲೇ ನೆಕ್ ಆಫ್ ಫೀಮರ್, ಅಂದರೆ ತೊಡೆಮೂಳೆಯ ಕುತ್ತಿಗೆ ಮುರಿದಿದೆ ಎಂದು ಕ್ಯಾಶುವಾಲ್ಟಿಯ ಹುಡುಗರೂ ಹೇಳಿದರು. ಈ ವಯಸ್ಸಿಗೆ ನಮ್ಮಲ್ಲಿ ಸಾಮಾನ್ಯವಾಗಿ ಬೈಪೋಲಾರ್ (ತೊಡೆಮೂಳೆಯ ಕಡೆಗೆ ಮಾತ್ರ ಕೃತಕ ಭಾಗ) ಹಾಕಿ ಮುಗಿಸುತ್ತಾರೆ. ಆದರೆ ಬೀಳುವ ಹಿಂದಿನ ದಿನದವರೆಗೂ ಊರುಗೋಲಿಲ್ಲದೆ ತೋಟ ಹತ್ತಿ ಇಳಿಯುತ್ತಿದ್ದವರು ಎಂದು ತಿಳಿದ ಮೇಲೆ, ಪ್ರತಿ ಬುಧವಾರ ಮೈಸೂರಿನಿಂದ ಬರುವ ನಮ್ಮ ವಿಸಿಟಿಂಗ್ ಸರ್ಜನ್ ಟೋಟಲ್ ಹಿಪ್ ಮಾಡೋಣ, ಸೊಂಟದ ಕೀಲನ್ನೇ ಪೂರ್ತಿ ಬದಲಿಸೋಣ ಎಂದರು. ಎಕ್ಸ್‌ರೇ ಚಿತ್ರಗಳನ್ನು ಕಳುಹಿಸಲೆಂದು ಆಸ್ಪತ್ರೆ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಮಳೆಗಾಲದಲ್ಲಿ ಎಂದೂ ತೆರೆದುಕೊಳ್ಳುವುದಿಲ್ಲವಾದ್ದರಿಂದ, ವ್ಯೂ ಬಾಕ್ಸಿನ ಮೇಲಿಟ್ಟ ಫಿಲ್ಮಿನ ಫೋಟೋ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದವಳು ನಾನೇ. ಅದನ್ನು ನೋಡಿ ಅವರು ಫೋನಿನಲ್ಲಿ ಹೇಳಿದ್ದು ಇಷ್ಟು: ‘ಅನ್‌ಸಿಮೆಂಟೆಡ್ ತರಿಸಿ ಸಿಸ್ಟರ್, ಸಿಮೆಂಟೆಡ್ ಬ್ಯಾಕಪ್ ಇರಲಿ.’ ಅಂದರೆ, ಮೂಳೆಯಲ್ಲಿ ಸಿಮೆಂಟ್ ಇಲ್ಲದೆ ಕೂರಿಸುವ ಕೃತಕ ಕೀಲಿನ ಸೆಟ್ ತರಿಸಬೇಕು, ಸಿಮೆಂಟಿನಲ್ಲಿ ಕೂರಿಸುವ ಸೆಟ್ಟೂ ಕೈಗೆ ಸಿಗುವಂತಿರಬೇಕು.

ಅಷ್ಟರಲ್ಲಿ ಬೆಂಗಳೂರಿನಿಂದ ಮಗ ಬಂದರು. ರಾತ್ರಿಯಿಡೀ ಬಸ್ಸಿನಲ್ಲಿ ಫೋನು ನೋಡುತ್ತ ಓದಿಕೊಂಡದ್ದನ್ನೆಲ್ಲ ಒಂದೊಂದಾಗಿ ಕೇಳಿದರು. ‘ಅವ್ವನಿಗೆ ಹಳೆಯ ಕಾಲದ ಸಿಮೆಂಟ್ ಬೇಡ ಸಿಸ್ಟರ್, ಒಳ್ಳೆಯದನ್ನೇ ಹಾಕಿಸಿ, ಸೆರಾಮಿಕ್ ಇದ್ದರೆ ಅದನ್ನೇ ಹಾಕಿಸಿ.’ ಕೃತಕ ಕೀಲು ಮಾರುವ ಕಂಪನಿಯ ಹುಡುಗ ಕೊಟ್ಟುಹೋಗಿದ್ದ ಬ್ರೋಷರನ್ನು ಮೇಜಿನ ಮೇಲೆ ಬಿಡಿಸಿಟ್ಟು ನಾನು ಹೇಳಿದೆ: ‘ಹೌದು, ಈಗ ಹೆಚ್ಚಿನವರು ಸಿಮೆಂಟ್ ಇಲ್ಲದ್ದನ್ನೇ ಹಾಕಿಸಿಕೊಳ್ಳುತ್ತಾರೆ, ಹೊಸ ತರಹದ್ದು.’ ಅವರ ಮುಖದಲ್ಲಿ ನೆಮ್ಮದಿ ಕಂಡಿತು. ನನಗೂ ದೊಡ್ಡದೇನನ್ನೋ ವಿವರಿಸಿದ ಭಾವನೆ ಬಂತು.

ಸಿಮೆಂಟ್ ಹಳೆಯದು ಎಂಬುದು ಸುಳ್ಳಲ್ಲ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ, ಮೊದಲು ಬಳಸಿದ ಟೆಫ್ಲಾನ್ ಕಪ್‌ಗಳು (ಸೊಂಟದ ಗುಳಿಯಲ್ಲಿ ಕೂರುವ ಬಟ್ಟಲುಗಳು) ಕೆಲವೇ ವರ್ಷಗಳಲ್ಲಿ ಸವೆದುಹೋದ ಮೇಲೆ, ಸುಮಾರು 22 ಮಿ.ಮೀ. ವ್ಯಾಸದ ಲೋಹದ ಹೆಡ್ (ಕೀಲಿನ ಗುಂಡು) ಇರುವ ಸ್ಟೆಮ್ಮನ್ನೂ (ತೊಡೆಮೂಳೆಯೊಳಗೆ ಇಳಿಯುವ ಕಡ್ಡಿ) ಪಾಲಿಎಥಿಲೀನ್ ಕಪ್ಪನ್ನೂ ಅಕ್ರಿಲಿಕ್ ಸಿಮೆಂಟಿನಲ್ಲಿ ಕೂರಿಸಲು ತೊಡಗಿದ್ದು 1962ರಲ್ಲಿ. ಆದರೆ ಹಳೆಯದು ಎಂದ ಮಾತ್ರಕ್ಕೆ ಹಿಂದುಳಿದದ್ದು ಎಂದಾಗುವುದಿಲ್ಲ, ಇದನ್ನು ನಾನು ಮಗನಿಗೆ ಹೇಳಬೇಕಿತ್ತು. ಈ ಸಿಮೆಂಟ್ ಅಂಟಲ್ಲ, ಗಾರೆ. ಮೂಳೆಯ ಒಳಗಿನ ಸಣ್ಣ ಸಣ್ಣ ರಂಧ್ರಗಳಿಗೆ ನುಗ್ಗಿ ಗಟ್ಟಿಯಾಗಿ, ಸ್ಟೆಮ್ಮನ್ನು ಮೊದಲ ದಿನವೇ ಹಿಡಿದುಕೊಳ್ಳುತ್ತದೆ. ಅನ್‌ಸಿಮೆಂಟೆಡ್ ಸ್ಟೆಮ್ಮಿನ ಮೈ ಒರಟು, ಅನೇಕವುಗಳ ಮೇಲೆ ಮೂಳೆಯ ಖನಿಜದಂಥ ಹೈಡ್ರಾಕ್ಸಿಅಪಟೈಟ್ ಲೇಪವಿರುತ್ತದೆ. ಅದನ್ನು ಬಡಿದು ಬಿಗಿಯಾಗಿ ಕೂರಿಸಿದ ಮೇಲೆ ವಾರಗಳು, ತಿಂಗಳುಗಳು ಕಳೆದಂತೆ ಮೂಳೆಯೇ ಬೆಳೆದು ಅದನ್ನು ಹಿಡಿಯಬೇಕು. ಐವತ್ತು ಅರವತ್ತರ ಗಟ್ಟಿ ಮೂಳೆಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಎಪ್ಪತ್ತು ದಾಟಿದ ಹೆಂಗಸರ ತೆಳುವಾದ ಮೂಳೆ ಮಾತ್ರ ಆ ಬಡಿತಕ್ಕೆ ಬಿರಿಯಬಹುದು, ಇಲ್ಲವೇ ಮನೆಗೆ ಹೋದ ಕೆಲವು ವಾರಗಳಲ್ಲಿ ಸ್ಟೆಮ್ಮಿನ ಸುತ್ತ ಮುರಿಯಬಹುದು. ಈ ವಯಸ್ಸಿನವರಲ್ಲಿ ಸಿಮೆಂಟ್ ಹಾಕಿದಾಗ ಹಾಗೆ ಮುರಿಯುವುದು ಕಡಿಮೆ ಎಂದು ಬ್ರಿಟನ್ನಿನ, ಆಸ್ಟ್ರೇಲಿಯಾದ ಕೀಲು ನೋಂದಣಿಗಳೂ ತೋರಿಸಿವೆ. ಸೆರಾಮಿಕ್ಕಿನ ಮೇಲೆ ಸೆರಾಮಿಕ್ ಅತಿ ಕಡಿಮೆ ಸವೆಯುತ್ತದೆ ನಿಜ, ಅಪರೂಪಕ್ಕೆ ಒಡೆಯುತ್ತದೆ, ಕೆಲವರಲ್ಲಿ ನಡೆಯುವಾಗ ಕಿರುಗುಟ್ಟುತ್ತದೆ. 76ರ ಅಜ್ಜಿಗೆ ಅದರ ಗೋಜೇ ಬೇಡ ಎಂದು ಸರ್ಜನ್ ಆಗಲೇ ತಳ್ಳಿಹಾಕಿದ್ದರು. ಲೋಹದ ಮೇಲೆ ಲೋಹದ ಜೋಡಿಯೂ ಒಂದು ಕಾಲಕ್ಕೆ ಎಲ್ಲಕ್ಕಿಂತ ಹೊಸದಾಗಿತ್ತು. 2010ರಲ್ಲಿ ಅಂಥದ್ದೊಂದನ್ನು ಜಗತ್ತಿನಾದ್ಯಂತ ವಾಪಸು ಪಡೆದದ್ದು ನೆನಪಿದ್ದೂ ನಾನು ‘ಹೊಸ ತರಹದ್ದು’ ಎಂಬ ಮಾತನ್ನು ಹೊಗಳಿಕೆಯಂತೆ ಆಡಿದೆ.

ಇಂಡೆಂಟ್ (ತರಿಸಬೇಕಾದ ಸಾಮಾನಿನ ಪಟ್ಟಿ) ಬರೆಯುವಾಗ ಅಕೌಂಟ್ಸ್‌ನವರ ಫೋನು ಬಂತು. ಒಂದು ಕೇಸಿಗೆ ಎರಡು ಸೆಟ್ ಏಕೆ, ಬಳಸದ ಸೆಟ್ಟಿನ ಸಾಗಣೆ ವೆಚ್ಚವನ್ನು ಯಾವ ಲೆಕ್ಕಕ್ಕೆ ಹಾಕುವುದು ಎಂಬುದು ಅವರ ಎಂದಿನ ರಾಗ. ಉಪಕರಣಗಳನ್ನು ಕ್ರಿಮಿಶುದ್ಧ ಮಾಡುವ ಸಿಎಸ್‌ಎಸ್‌ಡಿಯಲ್ಲೂ ತೊಂದರೆಯಿತ್ತು, ಮೂರು ದಿನಗಳಿಂದ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಒಗೆದ ಡ್ರೇಪುಗಳು ಒಣಗುತ್ತಿರಲಿಲ್ಲ, ಹೆಚ್ಚುವರಿ ಟ್ರೇ ಬಂದರೆ ಜನರೇಟರಿನಲ್ಲಿ ಆಟೋಕ್ಲೇವ್ ಇನ್ನೆರಡು ಸಲ ಓಡಬೇಕಿತ್ತು. ಕಂಪನಿಯ ಹುಡುಗನೂ ‘ಸಿಮೆಂಟೆಡ್ ಬೇಕಾಗುವುದಿಲ್ಲ ಬಿಡಿ ಸಿಸ್ಟರ್’ ಎಂದ. ಹಿಂದಿನ ಹತ್ತು ಹನ್ನೆರಡು ಕೇಸುಗಳಲ್ಲಿ ಬ್ಯಾಕಪ್ ಸೆಟ್ಟಿನ ಸೀಲನ್ನೇ ಒಡೆದಿರಲಿಲ್ಲ. ಎರಡನೆಯ ಸಾಲನ್ನು ಹೊಡೆದು ಹಾಕಿ ಸಹಿ ಮಾಡಿದೆ. ಸರ್ಜನ್‌ಗೆ ತಿಳಿಸಬೇಕು ಎಂದುಕೊಂಡವಳು ತಿಳಿಸಲೂ ಇಲ್ಲ.

ಎಕ್ಸ್‌ರೇ ನನ್ನ ಕಣ್ಣೆದುರಿಗೇ ಇತ್ತು ಎಂಬುದು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ. ಗಟ್ಟಿಯಾದ ತೊಡೆಮೂಳೆಯ ಒಳನಾಳ ಮೇಲೆ ಅಗಲವಾಗಿದ್ದು ಕೆಳಗೆ ಹೋದಂತೆ ಆಲಿಕೆಯ ಹಾಗೆ ಕಿರಿದಾಗುತ್ತದೆ. ಅಜ್ಜಿಯದು ಬಚ್ಚಲೊಲೆಯ ಹೊಗೆಕೊಳವೆಯ ಹಾಗೆ ಮೇಲಿಂದ ಕೆಳಗಿನವರೆಗೆ ಒಂದೇ ಅಗಲ, ಗೋಡೆಯೋ ಕಾಗದದಷ್ಟು ತೆಳು; ಸರ್ಜನ್‌ಗಳ ಮಾತಿನಲ್ಲಿ ಡಾರ್ ಸಿ. ನಾನು ತೆಗೆದ ಫೋಟೋದಲ್ಲಿ ವ್ಯೂ ಬಾಕ್ಸಿನ ಬೆಳಕು ಹೊಡೆದು ಆ ಭಾಗ ಬೆಳ್ಳಗಾಗಿಬಿಟ್ಟಿತ್ತು.

ಬುಧವಾರ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಟ್ಟು ಅಜ್ಜಿಯನ್ನು ಮಗ್ಗುಲಾಗಿ ಮಲಗಿಸಿದೆವು. ಗುಳಿ ಕೊರೆಯುವ ರೀಮಿಂಗ್ ಸಲೀಸಾಗಿ ನಡೆದು ಕಪ್ ಬಿಗಿಯಾಗಿ ಕೂತಿತು, ಅದರ ಒಳಪದರವಾದ ಲೈನರ್ ಹಾಕಿದ್ದಾಯಿತು. ಆಮೇಲೆ ತೊಡೆಮೂಳೆಯ ಸರದಿ. ಸ್ಟೆಮ್ಮಿಗೆ ಜಾಗ ಮಾಡಲು ನಾಳದೊಳಗೆ ಬಡಿಯುವ ಬ್ರೋಚ್ ಬಿಗಿಯಾಗುತ್ತ ಹೋದಂತೆ ಸುತ್ತಿಗೆಯ ಸದ್ದಿನ ಶ್ರುತಿ ಏರುತ್ತದೆ. ಟ್ರಾಲಿಯ ಬಳಿ ವರ್ಷಗಟ್ಟಲೆ ನಿಂತವರಿಗೆ ಅದು ನೋಡದೆಯೇ ತಿಳಿಯುತ್ತದೆ. ಮೂರನೆಯ ನಂಬರಿನ ಬ್ರೋಚಿನವರೆಗೆ ಏರುತ್ತಿದ್ದ ಸದ್ದು, ನಾಲ್ಕನೆಯದರ ಐದಾರನೆಯ ಏಟಿಗೆ ಬಿರುಕುಬಿಟ್ಟ ಮಡಕೆಯನ್ನು ತಟ್ಟಿದಂತೆ ಮಂಕಾಯಿತು. ಸರ್ಜನ್ ಸುತ್ತಿಗೆಯನ್ನು ಎತ್ತಿದಂತೆಯೇ ಹಿಡಿದು ನಿಂತರು. ಸಕ್ಷನ್ ಇಟ್ಟು ನೋಡಿದರೆ, ಕಾಲ್ಕಾರಿನಿಂದ (ತೊಡೆಮೂಳೆಯ ಮೇಲ್ತುದಿಯ ಒಳಬದಿಯಿಂದ) ಕೆಳಕ್ಕೆ ಕೂದಲೆಳೆಯಂಥ ಗೆರೆ; ಬ್ರೋಚನ್ನು ಸ್ವಲ್ಪ ಅಲುಗಿಸಿದಾಗ ಆ ಗೆರೆ ಬಾಯಿ ಬಿಟ್ಟಿತು.

‘ಬ್ರೋಚ್ ತೆಗೆಯುತ್ತೇನೆ. ಸಿಮೆಂಟೆಡ್ ಸ್ಟೆಮ್ ತೆರೆಯಿರಿ ಸಿಸ್ಟರ್.’

‘ಇಲ್ಲ ಸಾರ್.’

ಮಾಸ್ಕಿನ ಮೇಲಿನ ಕಣ್ಣುಗಳು ನನ್ನ ಕಡೆ ತಿರುಗಿದವು. ‘ಇಲ್ಲ ಅಂದರೆ?’

‘ತರಿಸಿಲ್ಲ ಸಾರ್. ನಾನೇ ಬೇಡ ಎಂದೆ.’

ಅವರು ಬೈಯಲಿಲ್ಲ, ಬೈದಿದ್ದರೆ ಆ ಎರಡು ನಿಮಿಷಗಳನ್ನು ಹೇಗೋ ದಾಟಿಬಿಡುತ್ತಿದ್ದೆ. ಮಾನಿಟರಿನ ಬೀಪ್ ಬಿಟ್ಟರೆ ಬೇರೆ ಸದ್ದಿಲ್ಲ. ಸ್ಪೈನಲ್‌ಗೆ ಇನ್ನೆಷ್ಟು ಹೊತ್ತಿದೆ ಎಂದು ಅನಸ್ತೀಷಿಯಾ ಮೇಡಂ ಕೇಳದೆಯೇ ಹೇಳಿದರು. ಹೊರಗಿದ್ದ ಕಂಪನಿಯ ಹುಡುಗ ಫೋನು ಮಾಡಿ ವಿಚಾರಿಸಿದರೆ ಸಿಮೆಂಟೆಡ್ ಸೆಟ್ ಮೈಸೂರಿನ ಗೋಡೌನಿನಲ್ಲಿತ್ತು. ಸುಮಾರು 120 ಕಿ.ಮೀ. ದೂರ, ಅದರ ಮೇಲೆ ಆನೆಕಾಡಿನ ಬಳಿ ಮರ ಬಿದ್ದು ರಸ್ತೆ ಬಂದ್. ಕಪಾಟಿನಲ್ಲಿ 40 ಗ್ರಾಂನ ಎರಡು ಸಿಮೆಂಟ್ ಪ್ಯಾಕುಗಳಿದ್ದವು, ಆದರೆ ಅದರಲ್ಲಿ ಕೂರಿಸಲು ತಕ್ಕ ಸ್ಟೆಮ್ಮೇ ಇಲ್ಲ. ಅಕ್ಕಿಯಿದ್ದು ಪಾತ್ರೆಯಿಲ್ಲದ ಅಡುಗೆಮನೆಯ ಸ್ಥಿತಿ.

‘ಎಸ್‌ಎಸ್ ವೈರ್?’ ಎಂದು ಸರ್ಜನ್ ಕೇಳಿದರು. ಸ್ಟೀಲ್ ತಂತಿ.

ಮೊಣಕಾಲ ಚಿಪ್ಪಿನ ಕೇಸುಗಳಿಗೆಂದು ಇಟ್ಟ ಟೆನ್ಷನ್ ಬ್ಯಾಂಡ್ ಟ್ರೇಯಲ್ಲಿ 18 ಗೇಜ್ ವೈರಿನ ಸುರುಳಿಯಿತ್ತು, ಸೋಮವಾರವಷ್ಟೇ ಆಟೋಕ್ಲೇವ್ ಆಗಿತ್ತು. ಇಂಡಿಕೇಟರ್ ಪಟ್ಟಿಯ ಬಣ್ಣ ಬದಲಾಗಿದೆಯೇ ಎಂದು ಮೂರು ಸಲ ನೋಡಿದೆ. ತಂತಿಯನ್ನು ಮೂಳೆಯ ಸುತ್ತ ಹಾಯಿಸುವ ವೈರ್ ಪಾಸರ್ ಇರಲಿಲ್ಲ. ರೈಟ್ ಆ್ಯಂಗಲ್ ಫೋರ್ಸೆಪ್ಸನ್ನು ಮೂಳೆಗೆ ಅಂಟಿದಂತೆಯೇ ಸುತ್ತಿಸಿ ತಂತಿಯ ತುದಿಯನ್ನು ಹಿಡಿದು ತಂದರು. ಲೆಸರ್ ಟ್ರೊಕ್ಯಾಂಟರಿನ (ತೊಡೆಮೂಳೆಯ ಒಳಬದಿಯ ಸಣ್ಣ ಉಬ್ಬಿನ) ಮೇಲೊಂದು, ಕೆಳಗೊಂದು. ಎರಡನೆಯದನ್ನು ತಿರುಚುವಾಗ ಇಕ್ಕಳ ಹಿಡಿದ ನನ್ನ ಕೈ ನಡುಗುತ್ತಿದ್ದುದನ್ನು ಅವರು ಗಮನಿಸಿದರು. ‘ನಿಧಾನ’ ಎಂದಷ್ಟೇ ಹೇಳಿದರು. ಬಿರುಕು ಮುಚ್ಚಿಕೊಂಡಿತು. ಬ್ರೋಚನ್ನು ಕೈಯಿಂದಲೇ ಒತ್ತಿ ನೋಡಿ, ತಂತಿ ಹಿಡಿದಿದೆ ಎಂದು ಖಾತ್ರಿಯಾದ ಮೇಲೆ ಸ್ಟೆಮ್ಮನ್ನು ಮೆಲ್ಲಗೆ ಬಡಿದು ಇಳಿಸಿದರು. ತಿರುಗಿಸಿ ನೋಡಿದರು, ಅಲುಗಲಿಲ್ಲ. ಸಿ-ಆರ್ಮ್ ಯಂತ್ರದ ಎಕ್ಸ್‌ರೇ ಚಿತ್ರ ಬರುವವರೆಗೂ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ.

ಬಿರುಕಿನ ವಿಷಯವನ್ನು ಸರ್ಜನ್ ಮನೆಯವರಿಂದ ಮುಚ್ಚಿಡಲಿಲ್ಲ. ಮೂಳೆ ತೆಳುವಾಗಿತ್ತು, ಸೀಳು ಬಿಟ್ಟಿತು, ತಂತಿ ಕಟ್ಟಿದ್ದೇವೆ, ಆರು ವಾರ ಆ ಕಾಲಿಗೆ ಪೂರ್ತಿ ಭಾರ ಕೊಡುವಂತಿಲ್ಲ ಎಂದರು. ಸಿಮೆಂಟ್ ಹಾಕಿದ್ದರೆ ಮರುದಿನವೇ ಪೂರ್ತಿ ಭಾರ ಕೊಟ್ಟು ನಡೆಯಬಹುದಿತ್ತು ಎಂಬ ಮಾತು ಅಲ್ಲಿ ಬರಲಿಲ್ಲ, ನಾನೂ ಎತ್ತಲಿಲ್ಲ. ಮೂರನೆಯ ದಿನ ವಾಕರಿನ ಮೇಲೆ ಒಂಟಿಕಾಲಿನಲ್ಲಿ ನಿಂತ ಅಜ್ಜಿ ನನ್ನನ್ನು ನೋಡಿ, ‘ನಾಳೆಯೇ ನಡೆಸುತ್ತೇವೆ ಅಂದಿದ್ದಿರಲ್ಲ ಮಗಳೇ, ನನ್ನ ಹಸುವಿಗೆ ಆರು ವಾರ ಹುಲ್ಲು ಹಾಕುವವರು ಯಾರು?’ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗೆಂದು ಸಿಮೆಂಟೇನೂ ಸಾಧು ಪ್ರಾಣಿಯಲ್ಲ. ಆಗಸ್ಟ್‌ನಲ್ಲಿ ಇನ್ನೊಬ್ಬ ವೃದ್ಧರಿಗೆ ಅದನ್ನೇ ಹಾಕಿದಾಗ, ಸಿಮೆಂಟ್ ಒತ್ತುವ ಮೊದಲು ಅನಸ್ತೀಷಿಯಾ ಮೇಡಂಗೆ ಗಟ್ಟಿಯಾಗಿ ಕೂಗಿ ಹೇಳಿದೆವು, ಏಕೆಂದರೆ ಆ ಹೊತ್ತಿನಲ್ಲಿ ಬಿಪಿ, ಸ್ಯಾಚುರೇಷನ್ ಎರಡೂ ಕುಸಿಯಬಹುದು. ಸ್ಯಾಚುರೇಷನ್ ಇಳಿಯಿತು, ಎಲ್ಲರೂ ಒಮ್ಮೆ ಮಾನಿಟರ್ ನೋಡಿದೆವು, ಅದು ಮತ್ತೆ ಏರಿತು. ಮೈಸೂರಿನ ಲೆಕ್ಕದಲ್ಲಿ ಕಲಸಿದ ಸಿಮೆಂಟ್ ಮಡಿಕೇರಿಯ ಚಳಿಗೆ ಹದಕ್ಕೇ ಬರುತ್ತಿರಲಿಲ್ಲ. ಉಳಿದದ್ದನ್ನು ಉಂಡೆ ಕಟ್ಟಿ ಗ್ಲೌಸಿನ ಅಂಗೈಯಲ್ಲಿ ಹಿಡಿದು ನಿಂತಿದ್ದೆ. ಮೊದಲು ಕೈಗೆ ಅಂಟುತ್ತಿದ್ದ ಉಂಡೆ ಕಣಕದಂತಾಗಿ, ಕಡೆಗೆ ಒಮ್ಮೆಲೇ ಬಿಸಿಯೇರಿ ಕಲ್ಲಾಗುವವರೆಗೂ ಸರ್ಜನ್ ಸ್ಟೆಮ್ಮನ್ನು ಕದಲಿಸದೆ ಹಿಡಿದಿದ್ದರು.

ಈಗ ಪ್ರತಿ ಹಿಪ್ ಕೇಸಿಗೂ ಎರಡು ಸೆಟ್ ಬರುತ್ತವೆ. ಜತೆಗೆ ಕೇಬಲ್ ಸೆಟ್, ವೈರ್ ಪಾಸರ್. ತಿಂಗಳ ಮೀಟಿಂಗಿನಲ್ಲಿ ‘ಬಳಸದೆ ಹಿಂದಿರುಗಿಸಿದವು’ ಎಂಬ ಪಟ್ಟಿಯನ್ನು ಓದುತ್ತಾರೆ, ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ, ಮುಂದಿನ ಇಂಡೆಂಟಿನಲ್ಲಿ ಮತ್ತೆ ಎರಡು ಸಾಲು ಬರೆಯುತ್ತೇನೆ. ಜುಲೈನಲ್ಲಿ ನಡೆದದ್ದು ಮ್ಯಾನೇಜ್‌ಮೆಂಟಿಗೆ ಗೊತ್ತು. ಆದರೂ ಪಟ್ಟಿ ಓದುವುದನ್ನು ಬಿಟ್ಟಿಲ್ಲ.

ಹುತ್ತರಿ ಹಬ್ಬದ ಮುಂಚಿನ ವಾರ ವಿರಾಜಪೇಟೆ ಕಡೆಯವರೊಬ್ಬರು 78 ವರ್ಷದ ತಾಯಿಯನ್ನು ಕರೆದುಕೊಂಡು ಬಂದರು. ಅದೇ ನೆಕ್ ಆಫ್ ಫೀಮರ್. ಕುರ್ಚಿಯಲ್ಲಿ ಕೂರುವ ಮೊದಲೇ ಅವರೆಂದರು: ‘ನಾಪೋಕ್ಲಿನ ನಮ್ಮ ನೆಂಟರು ಹೇಳಿ ಕಳುಹಿಸಿದ್ದಾರೆ ಸಿಸ್ಟರ್. ಸಿಮೆಂಟ್ ಹಳೆಯ ಕಾಲದ್ದು, ಬೇಡ ಎಂದು ನೀವೇ ಅವರಿಗೆ ಹೇಳಿದಿರಂತೆ. ಅವರ ತಾಯಿ ಈಗ ಚೆನ್ನಾಗಿ ನಡೆಯುತ್ತಿದ್ದಾರೆ. ನಮಗೂ ಅದನ್ನೇ ಹಾಕಿಸಿ.’

ಬ್ರೋಷರ್ ಮೇಜಿನ ಖಾನೆಯಲ್ಲೇ ಇತ್ತು. ಅದನ್ನು ತೆಗೆಯದೆ, ಅವರ ಕೈಯಲ್ಲಿದ್ದ ಕವರಿನಿಂದ ಫಿಲ್ಮನ್ನು ತೆಗೆದು ವ್ಯೂ ಬಾಕ್ಸಿಗೆ ಸಿಕ್ಕಿಸಿ, ‘ಇಲ್ಲಿ ಬನ್ನಿ, ಮೊದಲು ಈ ಮೂಳೆಯ ಗೋಡೆ ಎಷ್ಟು ದಪ್ಪವಿದೆ ನೋಡಿ’ ಎಂದೆ.