ಮುಂದಿನ ಬೆಳೆಗೆ ಇದು ಬೇಕಾ?

ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ರೇಷ್ಮೆ ಮನೆಯಲ್ಲಿ. ಈಗ ಇರುವುದು ಚಿಕ್ಕಬಳ್ಳಾಪುರದಲ್ಲಿ, ಹುಳು ಸಾಕುವುದಿಲ್ಲ. ಆದರೂ ಮನೆಯಲ್ಲಿ ಸಾಮಾನು ಜಾಸ್ತಿಯಾಗಿ ಕಾಲಿಡಲು ಜಾಗ ಇಲ್ಲದಂತಾದಾಗ ನನಗೆ ನೆನಪಾಗುವುದು ಹುಳು ಮನೆಯೇ.

ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ, ಅಂದರೆ ಪೊರೆ ಬಿಡುತ್ತದೆ. ಕೊನೆಯ ಹಂತದಲ್ಲಿ ಹಗಲು ರಾತ್ರಿ ಅನ್ನದೆ ಸೊಪ್ಪು ತಿಂದು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಆಮೇಲೆ ಗೂಡು ಕಟ್ಟಲು ಇಡುವ ಚಂದ್ರಿಕೆ ಅನ್ನುವ ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಎಲ್ಲಾ ಸೇರಿ ಹೆಚ್ಚು ಕಡಿಮೆ ಒಂದು ತಿಂಗಳ ಕೆಲಸ, ಇದನ್ನೇ ನಾವು ಒಂದು ಬೆಳೆ ಅನ್ನುವುದು. ಗೂಡು ಮಾರ್ಕೆಟ್ಟಿಗೆ ಹೋಯಿತು ಅಂತ ಯಾರೂ ಕಾಲು ಚಾಚಿ ಕೂರುವ ಹಾಗಿಲ್ಲ. ತಟ್ಟೆ, ಚಂದ್ರಿಕೆ, ಬಲೆ ಎಲ್ಲವೂ ಅಂಗಳಕ್ಕೆ ಬರಬೇಕು. ಹಿಕ್ಕೆ, ಉಳಿದ ಸೊಪ್ಪು ದೂರದ ತಿಪ್ಪೆಗೆ ಹೋಗಬೇಕು. ನೂರು ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಸುಣ್ಣ ಕಲಸಿ ಗೋಡೆ, ನೆಲ, ಸಂದಿಗೊಂದಿ ಎಲ್ಲಾ ನೆನೆಯುವ ಹಾಗೆ ಸಿಂಪಡಿಸಬೇಕು. ಹಾಲುತೊಂಡೆ, ಸುಣ್ಣಕಟ್ಟು, ಗಂಟು ರೋಗ, ಹುಳುವಿನ ಈ ಕಾಯಿಲೆಗಳೆಲ್ಲ ಹಳೇ ಬೆಳೆಯ ಧೂಳಿನಲ್ಲಿ ಉಳಿದುಕೊಂಡು ಹೊಸ ಹುಳುವಿಗೆ ಅಂಟಿಕೊಳ್ಳುತ್ತವೆ. ಹಿಂದಿನ ಬೆಳೆಗೆ ಎಷ್ಟೇ ಒಳ್ಳೇ ರೇಟು ಸಿಕ್ಕಿರಲಿ, ಈ ಕೆಲಸ ಮಾತ್ರ ತಪ್ಪುತ್ತಿರಲಿಲ್ಲ.

ತೊಳೆದು ಬಿಸಿಲಿಗೆ ಒಣಗಿಸಿದ ಸಾಮಾನನ್ನು ಒಳಗೆ ಸಾಗಿಸುವಾಗ ಅಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದರು. "ಮುಂದಿನ ಬೆಳೆಗೆ ಇದು ಬೇಕೇನೇ?" ಅವರು ಕೇಳುತ್ತಿದ್ದುದು ಅಷ್ಟೇ. ಮುರಿದ ತಟ್ಟೆಗೂ ಹರಿದ ಬಲೆಗೂ ಒಳಗೆ ಜಾಗ ಇಲ್ಲ.

ನಾನು ಮನೆಯ ಬೇಡದ ಸಾಮಾನು ತೆಗೆಯುವಾಗ ಕೇಳಿಕೊಳ್ಳುವುದೂ ಇದನ್ನೇ. ಈ ವಸ್ತು ಇಷ್ಟವಾ, ಯಾರು ಕೊಟ್ಟಿದ್ದು, ಎಷ್ಟು ದುಡ್ಡು ಕೊಟ್ಟಿದ್ದೆ ಅಂತ ಕೇಳಿಕೊಂಡು ಕೂತರೆ ಎಲ್ಲದಕ್ಕೂ ಒಂದು ಕಥೆ ಇರುತ್ತದೆ, ಯಾವುದೂ ಹೊರಗೆ ಹೋಗುವುದಿಲ್ಲ. ಮುಂದೆ ಈ ಮನೆಯಲ್ಲಿ ಏನು ನಡೆಯಬೇಕು ಅನ್ನುವುದು ಮೊದಲು ಗೊತ್ತಿರಬೇಕು. ನಮ್ಮಲ್ಲಿ ಅದು ಸ್ಪಷ್ಟವಾಗಿತ್ತು. ಮಗಳು ಪಿಯುಸಿಗೆ ಬಂದಿದ್ದಾಳೆ, ಅವಳಿಗೆ ಓದುವ ಮೇಜು ಬೇಕು. ಅತ್ತೆಗೆ ಮಂಡಿ ನೋವು, ರಾತ್ರಿ ಎದ್ದರೆ ಎಡವದೆ ಬಚ್ಚಲಿಗೆ ಹೋಗುವಂತಿರಬೇಕು. ನನಗೆ ಹೊಲಿಗೆ ಮೆಷಿನ್ ಇಡಲು ಕಿಟಕಿ ಪಕ್ಕ ಜಾಗ ಬೇಕು. ಈ ಮೂರಕ್ಕೆ ಅಡ್ಡ ಬಂದಿದ್ದೆಲ್ಲ ಹೊರಗೆ.

ಸಜ್ಜೆಯಿಂದ ಇಳಿದದ್ದು ಬಹಳ ಮಟ್ಟಿಗೆ ಮುಯ್ಯಿಗೆ ಬಂದ ಸ್ಟೀಲ್ ಪಾತ್ರೆ. ಕೊಟ್ಟವರ ಹೆಸರು, ಮದುವೆ ತಾರೀಕು ಕೆತ್ತಿಸಿದ್ದು, ಒಂದು ಸಲವೂ ಒಲೆ ಮೇಲೆ ಇಡದೇ ಇದ್ದದ್ದು. ಬಳಸುವ ಅಳತೆಯವು ಅಡುಗೆಮನೆಗೆ ಬಂದವು. ದೊಡ್ಡವು ನಮ್ಮ ಬೀದಿಯ ಭಜನೆ ಮನೆಗೆ ಹೋದವು, ಅಲ್ಲಿ ಪ್ರಸಾದ ಮಾಡಲು ಬೇಕಾಗುತ್ತಿತ್ತು. ಕೆಟ್ಟ ಮಿಕ್ಸಿ, ವೈರುಗಳು, ಬಿರುಕು ಬಿಟ್ಟ ಬಕೆಟ್ಟು ಗುಜರಿಗೆ.

ರವಿಕೆ ಕಣಗಳದ್ದೇ ದೊಡ್ಡ ಕೆಲಸ. ಅರಿಶಿನ ಕುಂಕುಮಕ್ಕೆ ಹೋದ ಕಡೆಯೆಲ್ಲ ಕೊಡುತ್ತಾರೆ, ನಾವೂ ಅದನ್ನೇ ಇನ್ನೊಬ್ಬರಿಗೆ ಕೊಡುತ್ತೇವೆ. ಅದು ಊರೆಲ್ಲ ಸುತ್ತುತ್ತದೆ, ಯಾರೂ ಹೊಲಿಸುವುದಿಲ್ಲ. ಒಳ್ಳೆಯ ಬಟ್ಟೆ ಹೀಗೆ ಬೀರುವಿನಲ್ಲಿ ಮುದುಡಿಕೊಂಡಿರುವುದು ನನಗೆ ನಿಜಕ್ಕೂ ಬೇಸರ. ಹತ್ತಿ ಬಟ್ಟೆಯದ್ದನ್ನು ಆರಿಸಿ ದಿಂಬಿನ ಕವರು, ತರಕಾರಿ ಚೀಲ ಹೊಲಿದೆ.

ಅತ್ತೆಯ ತಾಮ್ರದ ಹಂಡೆ ಮಾತ್ರ ಇದ್ದಲ್ಲೇ ಇದೆ. "ನಿನ್ನದು ನೀನು ತೆಗಿಯಮ್ಮ, ನನ್ನದಕ್ಕೆ ಕೈ ಹಾಕಬೇಡ" ಅಂದರು. ಸರಿಯಾದ ಮಾತು. ಬೇರೆಯವರ ಸಾಮಾನನ್ನು ಅವರನ್ನು ಕೇಳದೆ ಎಸೆಯುವುದು ಶುಚಿ ಅಲ್ಲ, ದಬ್ಬಾಳಿಕೆ.

ಮನೆಯ ಗಲೀಜು ಸುಮ್ನೆ ಕಣ್ಣಿಗೆ ಮಾತ್ರ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಒಂದು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ತಮ್ಮ ಮನೆಯನ್ನು ತೋರಿಸುತ್ತಾ "ಸಾಮಾನು ತುಂಬಿದೆ, ಕೆಲಸ ಮುಗಿದಿಲ್ಲ" ಅಂತ ಹೇಳಿದ ಹೆಂಗಸರಲ್ಲಿ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನು ಬೆಳಿಗ್ಗೆಯಿಂದ ಸಂಜೆಯಾಗುವಷ್ಟರಲ್ಲಿ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಸಂಜೆ ಕೆಲಸದಿಂದ ಬಂದು ಬಾಗಿಲು ತೆಗೆದ ತಕ್ಷಣ ಸುಸ್ತು ಇಮ್ಮಡಿಯಾಗುವುದು ನಮಗೆಲ್ಲ ಗೊತ್ತಲ್ವಾ?

ತಲೆಯೊಳಗಿನದ್ದಕ್ಕೆ ನಾನು ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಮಲಗುವ ಮುಂಚೆ ನಾಳೆಗೆ ಉಳಿದ ಕೆಲಸ ಬರೆಯುತ್ತೇನೆ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಮುಗಿದ ಕೆಲಸ ಬರೆದವರಿಗಿಂತ ಮಾಡಬೇಕಾದ ಕೆಲಸ ಐದು ನಿಮಿಷ ಬರೆದವರು ಬೇಗ ನಿದ್ದೆಗೆ ಹೋದರು, ಬಿಡಿಸಿ ಬರೆದಷ್ಟೂ ಬೇಗ. ಹಾಗಾಗಿ "ಬ್ಯಾಂಕ್ ಕೆಲಸ" ಅಂತ ಬರೆಯುವುದಿಲ್ಲ. "ಅತ್ತೆಯ ಪಿಂಚಣಿ ಪಾಸ್‌ಬುಕ್, ಹನ್ನೊಂದು ಗಂಟೆಗೆ, ಆಧಾರ್ ಜೆರಾಕ್ಸ್ ಜೊತೆ" ಅಂತ ಬರೆಯುತ್ತೇನೆ.

ಬರೆದರೂ ಹೋಗದೇ ಇರುವುದು ಇರುತ್ತದೆ. ಅಪ್ಪ ತೀರಿಕೊಂಡ ಸಂಕಟ ಯಾವ ಪಟ್ಟಿಗೂ ಸೇರುವುದಿಲ್ಲ. ಅವರು ಗೂಡಿನ ತೂಕ, ರೇಟು ಬರೆದಿಡುತ್ತಿದ್ದ ಲೆಕ್ಕದ ಪುಸ್ತಕ ನನ್ನ ಬೀರುವಿನಲ್ಲಿದೆ. ಯಾವ ಬೆಳೆಗೂ ಅದು ಬೇಕಾಗಿಲ್ಲ, ಆದರೂ ಇರುತ್ತದೆ. ಅದರ ಬಗ್ಗೆ ನನ್ನನ್ನೇ ನಾನು ಪೀಡಿಸಿಕೊಳ್ಳುವುದಿಲ್ಲ.

ಶುರು ಮಾಡುವವರಿಗೆ ಆಷಾಢ ಒಳ್ಳೇ ಕಾಲ. ಮದುವೆ, ಗೃಹಪ್ರವೇಶ ಇರುವುದಿಲ್ಲ, ಹೊಸ ಪಾತ್ರೆ ಬರುವುದಿಲ್ಲ. ಒಂದು ಭಾನುವಾರಕ್ಕೆ ಒಂದು ಸಜ್ಜೆ ಸಾಕು, ಆದರೆ ಅದನ್ನು ಪೂರ್ತಿ ಇಳಿಸಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಣ ಮತ್ತೆ ಬರುತ್ತವೆ. ಈ ಸಲ ತಾಂಬೂಲಕ್ಕೆ ಕಣದ ಬದಲು ನಾನೇ ಹೊಲಿದ ಚೀಲ ಇಡುತ್ತೇನೆ ಅಂತ ಪಕ್ಕದ ಮನೆ ಆಂಟಿಗೆ ಹೇಳಿದೆ. ಒಪ್ಪಲಿಲ್ಲ. ಕೊನೆಗೆ ಅವರೇ, "ನನ್ನ ಹತ್ತಿರ ಒಂದು ಟ್ರಂಕ್ ಕಣ ಬಿದ್ದಿದೆ, ಅದನ್ನೂ ಹೊಲಿದು ಕೊಡ್ತೀಯಾ?" ಅಂತ ಕೇಳಿದರು.