ಬಾಣಂತನಕ್ಕೆ ತೊಂಬತ್ತೇ ದಿನ

ತಂಗಿಯ ಬಾಣಂತನಕ್ಕೆ ಅಮ್ಮನನ್ನು ಜರ್ಮನಿಗೆ ಬಿಟ್ಟು ಬರಲು ಹೊರಟಿದ್ದು 2025ರ ಡಿಸೆಂಬರ್‌ನಲ್ಲಿ. ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲಿನ ಕಾಲ. ಹೊರಡುವ ಹಿಂದಿನ ದಿನದವರೆಗೂ ಅಮ್ಮ ಮೆಟ್ಟುಗತ್ತಿ ಬಿಟ್ಟಿರಲಿಲ್ಲ. ಬ್ಯಾಗಿನ ತುಂಬ ಒಣಶುಂಠಿ, ಓಮ, ಮೆಂತೆ. ಬೆರಳ ತುಂಬ ಅಡಿಕೆಯ ಕರೆ.

ವಿಮಾನ ಇಳಿದ ಮೇಲೆ ಕಷ್ಟ ಆಗಿದ್ದು ಆ ಬೆರಳಿಗೇ.

ಯುರೋಪಿನ 29 ದೇಶಗಳು 2025ರ ಅಕ್ಟೋಬರ್ 12ರಿಂದ ಎಂಟ್ರಿ ಎಕ್ಸಿಟ್ ಸಿಸ್ಟಮ್ ಅನ್ನು ಹಂತ ಹಂತವಾಗಿ ಶುರು ಮಾಡಿದ್ದವು. ಸ್ವಲ್ಪ ದಿನಕ್ಕೆಂದು ಬರುವ ಹೊರಗಿನವರ ಮುಖ, ಬೆರಳಚ್ಚು, ಬಂದ ದಿನ, ಹೋದ ದಿನ ಎಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ನಮ್ಮ ಹಾಗೆ ವೀಸಾ ಮಾಡಿಸಿಕೊಂಡು ಹೋಗುವವರು ಬೆರಳಚ್ಚನ್ನು ಅರ್ಜಿ ಕೊಡುವಾಗಲೇ ಕೊಟ್ಟಿರುತ್ತೇವೆ. ಗಡಿಯಲ್ಲಿ ಅದರ ಜೊತೆ ತಾಳೆ ನೋಡುತ್ತಾರೆ. ಹೊಸದಾಗಿ ತೆಗೆಯುವುದು ಮುಖದ ಫೋಟೊ.

ಅಮ್ಮ ನಾಲ್ಕು ಬೆರಳು ಗಾಜಿನ ಮೇಲಿಟ್ಟಳು. ಕೆಂಪು ದೀಪ. ಒತ್ತಿ ಇಟ್ಟಳು. ಮತ್ತೆ ಕೆಂಪು. ಬೆರಳ ತುದಿಯ ಗೆರೆ ಸವೆದು ನುಣ್ಣಗಾಗಿದೆ, ಉಗುರಿನ ಸಂದಿಯಲ್ಲಿ ಕಪ್ಪು ಕರೆ, ಮೇಲಿಂದ ಚಳಿಗೆ ಚರ್ಮ ಒಣಗಿತ್ತು. ಹಿಂದೆ ಸಾಲು ಉದ್ದವಾಗುತ್ತಿತ್ತು.

"ರೇಷನ್ ಅಂಗಡೀಲೂ ಇದೇ ಗೋಳು ಮಾರಾಯ, ಹೆಬ್ಬೆಟ್ಟೇ ತಗಳಲ್ಲ" ಎಂದಳು ಮೆಲ್ಲಗೆ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದಳು. ನೋಡಿ ನನ್ನ ಹೊಟ್ಟೆ ಚುರ್ ಅಂತು. ಜೀವಮಾನವೆಲ್ಲ ದುಡಿದ ಕೈ ಅದು. ಅಧಿಕಾರಿ ಒಳ್ಳೆಯವರು. ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಲು ಸನ್ನೆ ಮಾಡಿದರು, ತಾವೇ ಬೆರಳು ಸರಿಯಾಗಿ ಇಡಿಸಿದರು. ಹಸಿರು ದೀಪ ಬಂತು. ಇಂಥ ಯಂತ್ರದ ಪಕ್ಕ ಒಬ್ಬ ಮನುಷ್ಯ ಇರಲೇಬೇಕು, ಅಲ್ವಾ?

ಪಾಸ್‌ಪೋರ್ಟಿಗೆ ಮುದ್ರೆಯೂ ಬಿತ್ತು. 2026ರ ಏಪ್ರಿಲ್ 10ಕ್ಕೆ ಎಲ್ಲ ಗಡಿಗಳಲ್ಲೂ ಈ ವ್ಯವಸ್ಥೆ ಪೂರ್ತಿ ತಂದು, ಮುದ್ರೆ ನಿಲ್ಲಿಸುವುದು ಆಗ ಅವರ ಯೋಜನೆಯಾಗಿತ್ತು. ಅಮ್ಮ ಅದನ್ನು ಬೆರಳಿಂದ ಸವರಿ ನೋಡಿ ಪಾಸ್‌ಪೋರ್ಟನ್ನು ಜೋಪಾನವಾಗಿ ಚೀಲದೊಳಗಿಟ್ಟಳು.

ಮನೆಯಲ್ಲಿ ಎಲ್ಲರಿಗೂ ದಿನದ್ದೇ ಯೋಚನೆ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಬಂದ ದಿನವೂ ಲೆಕ್ಕಕ್ಕೆ, ಹೋಗುವ ದಿನವೂ ಲೆಕ್ಕಕ್ಕೆ. ಮಧ್ಯೆ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂದು ತಂಗಿ ಅಂದುಕೊಂಡಿದ್ದಳು. ಆಗಲ್ಲ, 29 ದೇಶಕ್ಕೂ ಒಂದೇ ಲೆಕ್ಕ. ಮೊದಲು ಅಧಿಕಾರಿಗಳು ಮಸುಕಾದ ಮುದ್ರೆ ಹುಡುಕಿ ಎಣಿಸಬೇಕಿತ್ತು. ಈಗ ಒಂದು ದಿನ ಮೀರಿದರೂ ಯಂತ್ರವೇ ತೋರಿಸುತ್ತದೆ. ದಾಖಲೆ ಸಾಮಾನ್ಯವಾಗಿ 3 ವರ್ಷ ಇರುತ್ತದೆ. ಹೊರಗೆ ಹೋದದ್ದು ದಾಖಲಾಗದಿದ್ದರೆ 5 ವರ್ಷ.

ನಾವು ಇಳಿದದ್ದು ಡಿಸೆಂಬರ್ 5. ಬೆರಳು ಮಡಿಚಿ ಎಣಿಸಿದೆವು. ತೊಂಬತ್ತನೇ ದಿನ ಮಾರ್ಚ್ 4. ಟಿಕೆಟ್ ಮಾಡಿಸಿದ್ದು ಮಾರ್ಚ್ 2ಕ್ಕೆ. ನಮ್ಮ ಕಡೆ ಬಾಣಂತನ ಅಂದರೆ ಮೂರು ತಿಂಗಳಾದರೂ ಬೇಕು. ಹೆರಿಗೆಗೆ ಮುಂಚೆ ಬಂದರೆ ದಿನ ಸುಮ್ನೆ ಕಳೆಯುತ್ತದೆ, ತಡವಾಗಿ ಬಂದರೆ ಮಗಳ ಜೊತೆ ಯಾರೂ ಇಲ್ಲ. ಪಾಪು ಹುಟ್ಟಿದ್ದು ಡಿಸೆಂಬರ್ 14ಕ್ಕೆ. "ಒಂಬತ್ತು ದಿನ ಹೋಯ್ತಲ್ಲ" ಎಂದು ಅಮ್ಮ ಆಸ್ಪತ್ರೆಯಲ್ಲೇ ಲೆಕ್ಕ ಹಾಕಿದಳು.

ನಾನು ವಾಪಸು ಹೊರಟ ಬೆಳಿಗ್ಗೆ ಪಾಪುವಿಗೆ ನಾಲ್ಕು ದಿನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾರ್ಚ್ 2ಕ್ಕೆ ಕೆಂಪು ಸುತ್ತು. ಅಮ್ಮ ಅದರ ಕಡೆ ಬೆನ್ನು ಹಾಕಿ ನಿಂತು, ಮಗುವಿಗೆ ಎಣ್ಣೆ ಬೆಚ್ಚಗೆ ಮಾಡುತ್ತಿದ್ದಳು.